ಪೈಪ್ ಮಾಮನ ಹೃದಯಪಾಠ

ಬೆಳಗ್ಗೆ ಆರೂಕಾಲು. ಮಕ್ಕಳ ಆಸ್ಪತ್ರೆಯ ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ ಐವತ್ತಾರು ವರ್ಷದ ವ್ಯಕ್ತಿಯೊಬ್ಬರು ಪ್ಯಾಂಟು ಮಡಚಿಕೊಂಡು, ಮಂಡಿಯೂರಿ, ಪಾರದರ್ಶಕ ಪೈಪಿನೊಳಗೆ ಗಾಳಿಗುಳ್ಳೆ ಹುಡುಕುತ್ತಿದ್ದಾರೆ. ಒಂದು ಗುಳ್ಳೆ ಉಳಿದರೂ ಪಾಠ ಕೆಟ್ಟಂತೆ. ಬೆರಳಿಂದ ಎರಡು ಸಲ ತಟ್ಟುತ್ತಾರೆ, ಗುಳ್ಳೆ ಮೇಲೇರಿ ಮಾಯವಾಗುತ್ತದೆ. ಪಂಪು ನಿಮಿಷಕ್ಕೆ ನೂರಿಪ್ಪತ್ತು ಸಲ ಬಡಿಯತೊಡಗುತ್ತದೆ. ಕೂಸಿನ ಎದೆಬಡಿತವೂ ಹೆಚ್ಚುಕಮ್ಮಿ ಅಷ್ಟೇ.

ಇಡೀ ಆಸ್ಪತ್ರೆಗೆ ಇವರು ಪೈಪ್ ಮಾಮ. ಮೂವತ್ತು ವರ್ಷ ಪಂಪ್ ರಿಪೇರಿ ಮಾಡಿದವರು. ಎಂಟು ವರ್ಷದ ಹಿಂದೆ ಇಲ್ಲಿನ ಮೋಟರು ನೋಡಲು ಬಂದವರನ್ನು ಹೃದಯದ ಡಾಕ್ಟರಮ್ಮ ಹಿಡಿದು ಕೂರಿಸಿಕೊಂಡರು. ರಕ್ತ ಹೇಗೆ ಸುತ್ತುತ್ತದೆ, ಹುಟ್ಟುವಾಗಲೇ ಹೃದಯದಲ್ಲಿ ದೋಷವಿದ್ದರೆ ಹೇಗೆ ದಾರಿ ತಪ್ಪುತ್ತದೆ ಎಂದು ನೀರಿನಲ್ಲೇ ತೋರಿಸುವ ಯಂತ್ರ ಅವರಿಗೆ ಬೇಕಿತ್ತು. ಈಗ ಮೇಜಿನ ಮೇಲೆ ನಾಲ್ಕು ಕೋಣೆಯ ಹೃದಯ, ಹದಿನೆಂಟು ಮೀಟರ್ ಪೈಪು, ಶ್ವಾಸಕೋಶಕ್ಕೆಂದು ಎರಡು ರಬ್ಬರ್ ಚೀಲ. ವೈದ್ಯ ವಿದ್ಯಾರ್ಥಿಗಳಿಗೆ ದಿನಕ್ಕೆ ಎರಡು ತರಗತಿ, ನಡುನಡುವೆ ಡಾಕ್ಟರಮ್ಮ ಕಳಿಸುವ ಅಪ್ಪ ಅಮ್ಮಂದಿರು. ಶಾಲೆಯಲ್ಲಿ ಹೃದಯದ ಚಿತ್ರಕ್ಕೆ ಬಣ್ಣ ಬಳಿದು ಅಂಕ ಗಿಟ್ಟಿಸಿದ್ದ ನನಗೆ ಅದು ಅರ್ಥವಾಗಿದ್ದು ಮಾಮನ ಬಗ್ಗೆ ಬರೆಯಲು ಇಲ್ಲಿಗೆ ಬಂದ ಮೇಲೇ.

ಮೊದಲ ಪಾಠದ ದಿನವೇ ಮಾನ ಹೋಯಿತಂತೆ. ಹೃದಯದ ಎರಡು ಕೆಳಕೋಣೆಗಳ ನಡುವಿನ ಗೋಡೆಗೆ ಡಾಕ್ಟರಮ್ಮ ಹಿಂದಿನ ಸಂಜೆ ತೂತು ಕೊರೆದಿಟ್ಟಿದ್ದರು. ಬೆಳಗ್ಗೆ ಬಂದ ಮಾಮ, ಅಯ್ಯೋ ಸೋರುತ್ತಿದೆ ಎಂದು ಅಂಟು ಹಾಕಿ ಭದ್ರವಾಗಿ ಮುಚ್ಚಿಬಿಟ್ಟರು. ಮೂವತ್ತು ವಿದ್ಯಾರ್ಥಿಗಳು ಕಣ್ಣು ಬಿಟ್ಟುಕೊಂಡು ಕಾದರೂ ರೋಗ ಬರಲೇ ಇಲ್ಲ.

“ಸೋರೋದು ಕಂಡ್ರೆ ಕೈ ಸುಮ್ನಿರಲ್ಲ ಸಾರ್. ಸೋರ್ಲಿ ಅಂತ ಯಾರಾದ್ರೂ ಪೈಪ್ ಹಾಕ್ತಾರಾ?”

ಈಗ ಆ ತೂತಿಗೊಂದು ಬಿರಡೆ ಇದೆ, ಬೇಕಾದಾಗ ತೆಗೆಯಬಹುದು. ಮನೆಯ ನಲ್ಲಿ ಮಾತ್ರ ಮೂರು ತಿಂಗಳಿಂದ ಸೋರುತ್ತಿದೆ ಎಂದು ಹೆಂಡತಿಯ ದೂರು.

ನಾಲ್ಕು ತಿಂಗಳ ಹಿಂದೆ ಲಾರಿ ಚಾಲಕನೊಬ್ಬ ಏಳು ತಿಂಗಳ ಮಗಳನ್ನು ತಂದಿದ್ದ. ಆ ಕೂಸಿನ ಹೃದಯದಲ್ಲೂ ಅದೇ ತೂತು. ಎರಡು ಗುಟುಕು ಹಾಲಿಗೇ ಬೆವರಿ ಸುಸ್ತಾಗುತ್ತಿದ್ದಳು, ತೂಕ ಏರುತ್ತಿರಲಿಲ್ಲ. ತಡಮಾಡಿದರೆ ಶ್ವಾಸಕೋಶವೂ ಕೆಡುತ್ತದೆ ಎಂದರೂ ಅಪ್ಪ ಆಪರೇಷನ್ನಿಗೆ ಸುತರಾಂ ಒಪ್ಪಲಿಲ್ಲ. ಅಷ್ಟು ಸಣ್ಣ ಎದೆ ಕೊಯ್ಯಿಸಲಾರೆ ಎಂದು ಹಟ ಹಿಡಿದ. ಡಾಕ್ಟರಮ್ಮ ಅವನನ್ನು ಕೆಳಗೆ ಕಳಿಸಿದರು. ಮಾಮ ಅವನ ಒಂದು ಕೈಗೆ ದೇಹಕ್ಕೆ ಹೋಗುವ ಪೈಪು, ಇನ್ನೊಂದಕ್ಕೆ ಶ್ವಾಸಕೋಶದ ಚೀಲ ಕೊಟ್ಟು ಬಿರಡೆ ತೆಗೆದರು. ಪೈಪಿನ ಬಡಿತ ಸೊರಗಿತು, ಚೀಲ ಉಬ್ಬಿ ಬಿಗಿಯಾಯಿತು.

“ಮೈಗೆ ಹೋಗ್ಬೇಕಾದ್ದು ತೂತಲ್ಲಿ ನುಗ್ಗಿ ಮತ್ತೆ ಶ್ವಾಸಕೋಶಕ್ಕೇ ಹೋಗ್ತಿದೆ ನೋಡಪ್ಪ. ಹೃದಯ ದುಡೀತಾನೇ ಇದೆ, ಮಗೂಗೆ ದಕ್ತಾ ಇಲ್ಲ.”

ಮುಚ್ಚಿದ್ದು ಮತ್ತೆ ಬಿಚ್ಚಿಕೊಂಡರೆ ಎಂದು ಆತ ಕೇಳಿದ. ಅದನ್ನು ಡಾಕ್ಟರಮ್ಮನನ್ನೇ ಕೇಳು, ನನಗೆ ಗೊತ್ತಿರುವುದು ನೀರು ಮಾತ್ರ ಎಂದರು ಮಾಮ. ಆತ ಚೀಲವನ್ನು ಮೇಜಿನ ಮೇಲಿಟ್ಟು, ಮೇಲೆ ಹೋಗಿ ಡಾಕ್ಟರಮ್ಮನನ್ನು ಕೇಳಿ ಆಪರೇಷನ್ನಿಗೆ ಸಹಿ ಹಾಕಿದ. ಆಪರೇಷನ್ ದಿನ ಮಾಮನಿಗೆ ಊಟ ಸೇರಲಿಲ್ಲ. ಒಪ್ಪಿಸಿದವನು ತಾನೇ ಅಲ್ಲವೇ ಎಂಬ ಭಯ.

ನಾನು ಕೂತಿರುವಾಗಲೇ, ತಪಾಸಣೆ ಮುಗಿಸಿದ ಆ ಅಪ್ಪ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬರುತ್ತಾನೆ. ತೂಕ ಎರಡು ಕಿಲೋ ಏರಿದೆಯಂತೆ. ಮಾಮನಿಗೆ ಟಾಟಾ ಮಾಡು ಎನ್ನುವಷ್ಟರಲ್ಲಿ ಆಕೆ ಮುಖ್ಯ ಪೈಪನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತೇಬಿಡುತ್ತಾಳೆ. ನೀರು ಮಾಮನ ಅಂಗಿಯ ಮೇಲೆ, ನನ್ನ ಟಿಪ್ಪಣಿ ಪುಸ್ತಕದ ಮೇಲೆ. ಅಪ್ಪ ಗಾಬರಿಯಿಂದ ಅವಳ ಕೈ ಬಿಡಿಸಲು ಹೋಗುತ್ತಾನೆ. ಮಾಮ ತಡೆಯುತ್ತಾರೆ.

“ಇರ್ಲಿ ಬಿಡಪ್ಪ, ಎಳೀಲಿ. ಹಾಲು ಕುಡಿಯೋಕೂ ಶಕ್ತಿ ಇರ್ಲಿಲ್ಲ ಇವಳಿಗೆ.”