ಶ್ರುತಿ ನಿಲ್ಲುವ ಯಂತ್ರ

ಮೇಲಿನ ಷಡ್ಜಕ್ಕೆ ಏರುವಾಗ ನನ್ನ ಸಂಗೀತದ ಮಾಸ್ಟ್ರ ಎಡಗಿವಿ ತನ್ನಷ್ಟಕ್ಕೇ ಅಲುಗುತ್ತಿತ್ತು. ಎದುರಿಗೆ ಕೂತ ನನಗೆ ನಗು ತಡೆಯಲಾಗುತ್ತಿರಲಿಲ್ಲ. "ಕಿವಿ ನೋಡುದಲ್ಲ ಮಗಾ, ಕಿವಿ ಕೊಡುದು" ಎಂದು ಅವರೂ ನಗುತ್ತಿದ್ದರು. ಬಗಲಲ್ಲಿ ಶ್ರುತಿಪೆಟ್ಟಿಗೆ, ಬಾಯಲ್ಲಿ ಲವಂಗ. ಕಡಬದಿಂದ ಕೋಡಿಂಬಾಳದ ನಮ್ಮ ಮನೆಗೆ ನಡೆದೇ ಬರುತ್ತಿದ್ದರು. ಹೊಗಳುವುದರಲ್ಲಿ ಮಾತ್ರ ಮಹಾ ಜಿಪುಣರು. ಎಷ್ಟು ಚೆನ್ನಾಗಿ ಹಾಡಿದರೂ "ಅಡ್ಡಿಯಿಲ್ಲ" ಎನ್ನುವಲ್ಲಿಗೆ ಮುಗಿಯಿತು. ಆ ಒಂದು ಮಾತಿಗೆ ನಾನು ವಾರವಿಡೀ ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಸರಳೆ, ಜಂಟಿಯಂಥ ಮೊದಲ ಪಾಠಗಳನ್ನು ದಾಟಿ ಗೀತೆಗೆ ಬಂದಿದ್ದೆ, ಅಷ್ಟೇ. ಆಗ ಅವರ ಸ್ವರ ಒರಟಾಗತೊಡಗಿತು. ಗಂಟಲಲ್ಲಿ ಕೆಟ್ಟ ಹುಣ್ಣು ಬೆಳೆದಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯದೆ ಉಪಾಯವಿಲ್ಲ ಎಂದು ಮಂಗಳೂರಿನ ಡಾಕ್ಟರು ಹೇಳಿದರು. ಸುದ್ದಿ ಕೇಳಿ ಅತ್ತವಳು ನಾನು. ಸಮಾಧಾನ ಮಾಡಿದವರು ಅವರು.

"ಸ್ವರ ಹೋಗುದಾದ್ರೆ ಹೋಗ್ಲಿ. ನಿನ್ನ ಪಾಠ ಅರ್ಧಕ್ಕೆ ನಿಲ್ಲುದು ಬೇಡ" ಎಂದರು. ಆಪರೇಷನ್ನಿಗೆ ಮೊದಲು ವರ್ಣದವರೆಗಿನ ಪಾಠವನ್ನೆಲ್ಲ ಟೇಪಿನಲ್ಲಿ ಹಾಡಿಟ್ಟು ಹೋಗುವುದೆಂದು ಅವರ ಯೋಚನೆ. ಅಪ್ಪ ಒಪ್ಪಿದರು. ಮೂವರೂ ಪುತ್ತೂರಿಗೆ ಬಸ್ಸು ಹತ್ತಿದೆವು.

ರೇಡಿಯೋ ಅಂಗಡಿಯ ಬ್ಯಾರಿ ಕಾಕ ಎರಡು ಯಂತ್ರ ತೋರಿಸಿದರು. ದೊಡ್ಡದರಲ್ಲಿ ಮಾತು ಗಂಟೆ ಬಾರಿಸಿದ ಹಾಗೆ ಕೇಳುತ್ತಿತ್ತು, ಬೆಲೆಯೂ ಹಾಗೆಯೇ ಇತ್ತು. ಇನ್ನೊಂದು ಹಡಗಿನ ಕೆಲಸದವರು ಯಾರೋ ತಂದು ಮಾರಿದ ಹಳೆಯ ಸಣ್ಣ ಪೆಟ್ಟಿಗೆ. ಅದರಲ್ಲಿ ಎಲ್ಲವೂ ಡಬ್ಬಿಯೊಳಗಿಂದ ಬಂದಂತೆ. "ದೊಡ್ಡದು ಒಳ್ಳೇದುಂಟು ಮಾಸ್ಟ್ರೆ. ಆದ್ರೆ ಕರೆಂಟಿಲ್ಲದ ಮನೆಗೆ ಕೊಂಡೋಗಿ ಎಂತ ಮಾಡುದು? ಇದಕ್ಕೆ ಟಾರ್ಚಿನ ಸೆಲ್ಲು ಸಾಕು" ಎಂದರು ಕಾಕ.

ಮಾಸ್ಟ್ರು ಎರಡರಲ್ಲೂ ಒಂದಕ್ಷರ ಹಾಡಿ ನೋಡಲಿಲ್ಲ. ಶ್ರುತಿಪೆಟ್ಟಿಗೆಯನ್ನು ಒತ್ತಿ ಅದರ ನಾದವನ್ನಷ್ಟೇ ಟೇಪಿಗೆ ಹಿಡಿದರು. ಆಮೇಲೆ ಟೇಪನ್ನು ಓಡಿಸಿ, ಜೊತೆಗೇ ಶ್ರುತಿಪೆಟ್ಟಿಗೆಯನ್ನು ಮತ್ತೆ ಒತ್ತಿ ಕಣ್ಣು ಮುಚ್ಚಿ ಕೇಳಿದರು. ಸಣ್ಣದರಲ್ಲೂ ಎರಡು ನಾದ ಒಂದೇ ಆಗಿ ಬೆರೆತವು. "ಕಲಿಯುವವಳಿಗೆ ಚಂದ ಆಮೇಲೆ. ಮೊದಲು ಶ್ರುತಿ ನಿಲ್ಲಬೇಕು" ಎಂದು ಅದನ್ನೇ ಎತ್ತಿಕೊಂಡರು.

ಮಾಸ್ಟ್ರು ತಮ್ಮ ಮನೆಯ ಕೋಣೆಯ ಗೋಡೆಗಳಿಗೆ ಚಾಪೆ, ಕಂಬಳಿ ತೂಗುಹಾಕಿ, ದಿನಾ ಬೆಳಿಗ್ಗೆ ಸ್ವರ ಒಡೆಯುವವರೆಗೂ ಹಾಡಿದರಂತೆ. ಸಂಜೆ ಅದೇ ಸೆಲ್ಲಿನಲ್ಲಿ ಗಂಡ ಹೆಂಡತಿ ಕೂತು ಕೇಳಿದರೆ ಎಲ್ಲ ಸರಿಯಾಗಿಯೇ ಇತ್ತು.

ಆಪರೇಷನ್ ಮುಗಿಸಿ ಬಂದರು. ಕತ್ತಿನ ತೂತಿನ ಮೇಲೆ ಬಿಳಿ ಬಟ್ಟೆ. ನಾವು ಅವರ ಮನೆಗೆ ಹೋದೆವು. ಅಪ್ಪ ತಂದ ಹೊಸ ಸೆಲ್ಲು ಹಾಕಿದರು, ನಾನು ಟೇಪು ಓಡಿಸಿದೆ. ಸರಳೆ ಸರಿಯಿತ್ತು. ಗೀತೆಗೆ ಬರುವಾಗ ಸ್ವರ ಮೇಲೇರತೊಡಗಿತು. ವರ್ಣದ ಹೊತ್ತಿಗೆ ಯಾವುದೋ ಸಣ್ಣ ಮಗು ಓಡೋಡಿ ಕಿರುಚಿದಂತಿತ್ತು. ಮಾಸ್ಟ್ರ ತಾಳದ ಕೈ ಅದರ ಹಿಂದೆ ಓಡಲಾರದೆ ತೊಡೆಯ ಮೇಲೆ ನಿಂತುಬಿಟ್ಟಿತು. ಹಾಡುವಾಗ ಸೆಲ್ಲು ಸೋತು ಯಂತ್ರ ನಿಧಾನಕ್ಕೆ ತಿರುಗಿತ್ತು, ಈಗ ಹೊಸ ಸೆಲ್ಲಿನ ಬಲಕ್ಕೆ ಓಡುತ್ತಿದೆ ಎಂದು ಆಮೇಲೆ ಕಾಕ ಬಿಡಿಸಿ ಹೇಳಿದರು.

ಹೊಸ ಸೆಲ್ಲಿಗೆ ಹೀಗಾದದ್ದು ಕಂಡು ಮಾಸ್ಟ್ರ ಹೆಂಡತಿಯ ಮುಖ ಕಪ್ಪಿಟ್ಟಿತು. "ಸೆಲ್ಲು ಸೋತಾಗೆಲ್ಲ ನಾನೇ ಹಪ್ಪಳದ ಚಾಪೆಯಲ್ಲಿ ಬಿಸಿಲಿಗೆ ಇಟ್ಟದ್ದು. ಟಾರ್ಚು ಹಾಗೆ ಮಾಡಿದ್ರೆ ಪುನಃ ಹತ್ತುತ್ತದಲ್ಲ, ಇದಕ್ಕೂ ಸಾಕು ಅಂತ ಎಣಿಸಿದೆ" ಎಂದರು. ಅಪ್ಪ ಏನೋ ಹೇಳಲು ಬಾಯಿ ತೆರೆದರು. ನನಗೂ ಆ ಹೆಂಗಸಿನ ಮೇಲೆ ರೋಷ ಉಕ್ಕಿತ್ತು, ಸುಳ್ಳೇಕೆ.

ಮಾಸ್ಟ್ರು ಕೈಯೆತ್ತಿ ಅಪ್ಪನನ್ನು ತಡೆದರು. ಟೇಪು ನಿಲ್ಲಿಸಿದರು. ಹೆಂಡತಿಯ ಕೈ ಹಿಡಿದು ತಂದು ಶ್ರುತಿಪೆಟ್ಟಿಗೆಯ ಮೇಲಿಟ್ಟು, ಒತ್ತು ಎಂದು ಸನ್ನೆ ಮಾಡಿದರು. ಅವರು ಅಳುತ್ತಲೇ ಒತ್ತಿದರು. ಮಾಸ್ಟ್ರು ನನ್ನ ಕಡೆ ತಿರುಗಿ ಹಾಡು ಎಂಬಂತೆ ಗದ್ದ ಎತ್ತಿದರು. ನಾನು ಹಾಡಿದೆ. ತಪ್ಪಿದಲ್ಲಿ ಬೆರಳಿಂದ ನೆಲ ಕುಟ್ಟಿದರು, ಸರಿಯಾಗುವವರೆಗೂ ಕುಟ್ಟಿದರು.

ಮುಂದಿನ ವರ್ಷ ಮಾಸ್ಟ್ರು ತೀರಿಕೊಳ್ಳುವವರೆಗೂ ಪಾಠ ಹೀಗೆಯೇ ನಡೆಯಿತು, ವರ್ಣವೂ ಮುಗಿಯಿತು. ಇವತ್ತು ನಾನು ಹಾಡುವುದೆಲ್ಲ ಅವರು ಕೊಟ್ಟದ್ದೇ. ಆದರೆ ಅವರ ಸ್ವರ ಹೇಗಿತ್ತೆಂದು ನೆನೆಯಲು ಹೋದರೆ ಆ ಟೇಪಿನ ಮಗು ಕಿರುಚುತ್ತ ಬಂದು ಅಡ್ಡ ನಿಲ್ಲುತ್ತದೆ. ಎಷ್ಟು ಹೊತ್ತು ಕಾದರೂ ಅವರ ಸ್ವರ ನನಗೆ ಸಿಗುವುದಿಲ್ಲ.