ಔರಾದ ಬಸ್ಸಿಗೆ ಬರುತ್ತಿದ್ದ ಡಬ್ಬಿ

ತುಂಬಿದ ತಿಂಗಳಲ್ಲಿ ಹೆಂಗಸಿಗೆ ಕಾಯುವುದೊಂದೇ ಕೆಲಸ ಎಂದುಕೊಂಡವರು ಯಾರೋ ಗಂಡಸರೇ ಇರಬೇಕು. ನನಗಂತೂ ಉಪದೇಶ ಕೇಳುವುದೇ ದೊಡ್ಡ ಕೆಲಸವಾಗಿತ್ತು. ಎಡಕ್ಕೆ ಮಲಗು, ಹೊಸ್ತಿಲ ಮೇಲೆ ನಿಲ್ಲಬೇಡ, ಮೊಬೈಲು ಹೊಟ್ಟೆಯ ಮೇಲೆ ಇಟ್ಟುಕೊಳ್ಳಬೇಡ. ಇದೆಲ್ಲ ಭಾಲ್ಕಿಯಿಂದ ಬಂದು ನಮ್ಮ ಜೊತೆ ಉಳಿದಿದ್ದ ಅತ್ತೆಯ ಬಾಯಿಂದ. ಗಂಡನ ಕಚೇರಿಗೆ ಹತ್ತಿರವಾಗಲೆಂದು ಬೀದರದಲ್ಲಿ ಹಿಡಿದಿದ್ದ ಎರಡು ಕೋಣೆಯ ಬಾಡಿಗೆ ಮನೆ ನಮ್ಮದು. ಅತ್ತೆ ಬಂದ ದಿನವೇ ಅಡುಗೆಮನೆಯ ಸಾಮಾನುಗಳೆಲ್ಲ ಜಾಗ ಬದಲಾಯಿಸಿದವು. ನನ್ನ ಮನೆಯಲ್ಲಿ ಉಪ್ಪು ಎಲ್ಲಿದೆ ಎಂದು ನಾನೇ ಕೇಳಬೇಕಾಯಿತು.

ಅತ್ತೆ ಕೆಟ್ಟವರಲ್ಲ. ಮನಸ್ಸಿನಲ್ಲಿದ್ದದ್ದು ಬಾಯಿಗೆ ಬರಲು ಅವರಿಗೆ ಹೊತ್ತು ಹಿಡಿಯುವುದಿಲ್ಲ, ಅಷ್ಟೆ. ದಿನಕ್ಕೊಮ್ಮೆಯಾದರೂ ಆ ಮಾತು ಬರುತ್ತಿತ್ತು.

"ನಿಮ್ಮವ್ವ ಕರೀಲಾಕ ಬರಲೇ ಇಲ್ಲ ನೋಡು. ಹಡೆಯೋ ಮಗಳಿಗಿ ತವರಿನವರು ಹಿಂಗ ಬಿಡ್ತಾರೇನು?"

ನಾನು ರೊಟ್ಟಿ ಮುರಿಯುತ್ತಿದ್ದೆ. ಅವ್ವ ಯಾಕೆ ಕರೆಯಲಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಎರಡು ವರ್ಷದ ಹಿಂದೆ, ಮೊದಲ ಬಸುರಿನಲ್ಲಿ, ಅವ್ವ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ ನನ್ನನ್ನು ತವರಿಗೆ ಕರೆದೊಯ್ದಿದ್ದಳು. ನಮ್ಮೂರು ಔರಾದ ತಾಲ್ಲೂಕಿನ ಡಾಬಕಾ. ಒಂದಿಷ್ಟು ಒಣಬೇಸಾಯದ ಹೊಲ, ಮನೆಯ ಹಿಂದೆ ಕುರಿ ಹಟ್ಟಿ. ಅವ್ವನ ಕೈಯಲ್ಲಿ ಈದ ಕುರಿಗಳಿಗೆ ಲೆಕ್ಕವಿಲ್ಲ. ಮರಿ ಅಡ್ಡ ಬಂದರೆ ಪಕ್ಕದ ಊರಿನವರೂ ಅವಳನ್ನೇ ಕರೆಯುತ್ತಿದ್ದರು. ಇನ್ನೇನು ದಿನ ತುಂಬಿತು ಎನ್ನುವಾಗ ಒಂದು ಮುಂಜಾನೆ ಹೊಟ್ಟೆಯಲ್ಲಿ ಕೂಸು ಆಡುವುದು ನಿಂತಿತು. ದವಾಖಾನೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಹೆಣ್ಣುಕೂಸು. ಯಾರ ತಪ್ಪೂ ಅಲ್ಲ, ಕೆಲವು ಸಲ ಹೀಗಾಗುತ್ತದೆ ಎಂದರು ಡಾಕ್ಟರು. ನರ್ಸು ಅದನ್ನು ಬಟ್ಟೆಯಲ್ಲಿ ಸುತ್ತಿ ಅವ್ವನ ಕೈಗೆ ಕೊಟ್ಟರಂತೆ. ಉಸಿರು ಕಟ್ಟಿದ ಮರಿಗೆ ಮಾಡುವಂತೆ ಅವ್ವ ಅದರ ಮೂಗು ಒರೆಸಿದಳು, ಬೆನ್ನು ತಿಕ್ಕಿದಳು, ಮತ್ತೆ ಮತ್ತೆ ತಿಕ್ಕಿದಳು. ಅವಳ ಕೈಯಿಂದ ಬಿಡಿಸಿಕೊಳ್ಳಲು ಇಬ್ಬರು ಬೇಕಾಯಿತಂತೆ. ನಾನು ಒಳಗೆ ಮಲಗಿದ್ದೆ. ಹೊರಗಿನಿಂದ ಒಂದು ಸದ್ದೂ ಬರಲಿಲ್ಲ.

ಅಂದಿನಿಂದ ಅವ್ವ ಕುರಿಯ ಹೆರಿಗೆಗೂ ಕೈ ಹಚ್ಚಲಿಲ್ಲ. ಹಟ್ಟಿಯಲ್ಲಿ ಕುರಿಗೆ ನೋವು ಬಂದರೆ ನನ್ನ ತಮ್ಮನನ್ನು ಕೂಗಿ ತಾನು ಹೊಲದ ಕಡೆ ಹೋಗಿಬಿಡುತ್ತಿದ್ದಳು. ಈ ಸಲ ನಾನು ಮತ್ತೆ ಬಸುರಿ ಎಂದು ಅವಳಿಗೆ ಫೋನು ಮಾಡಿದೆ.

"ನೀ ಅಲ್ಲೇ ಇರು ಮಗಾ. ಬೀದರದಾಗ ದೊಡ್ಡ ದವಾಖಾನಿ ಅದಾವ," ಎಂದಳು.

"ನೀ ಬರಂಗಿಲ್ಲೇನವ್ವಾ?"

"ಬರ್ತೇನಿ, ಬರ್ತೇನಿ. ಈಗ ಸೋಯಾ ರಾಶಿ ಅದ."

ಸೋಯಾ ರಾಶಿ ಮುಗಿಯಿತು, ತೊಗರಿ ರಾಶಿ ಬಂತು. ಆಮೇಲೆ ಕುರಿಗೆ ಜ್ವರ ಬಂತು, ತಮ್ಮನಿಗೆ ಜ್ವರ ಬಂತು, ಕೊನೆಗೆ ಹಟ್ಟಿ ಕಾಯುವ ನಾಯಿಗೂ ಜ್ವರ ಬಂತು. ನಾಯಿಯ ಜ್ವರ ಕೇಳಿದ ಮೇಲೆ ನಾನು ಕರೆಯುವುದನ್ನು ಬಿಟ್ಟೆ. ನನಗೂ ಹಟವಿದೆ. ಆದರೆ ಕೂಸು ಸ್ವಲ್ಪ ಹೊತ್ತು ಮಿಸುಕಾಡದಿದ್ದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ತಣ್ಣೀರು ಕುಡಿದು, ಎಡಕ್ಕೆ ಮಲಗಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಾಯುತ್ತಿದ್ದೆ. ಅದು ಒಂದು ಒದೆ ಕೊಟ್ಟರೆ ಕಣ್ಣಲ್ಲಿ ನೀರು. ಡಾಕ್ಟರು ಎಲ್ಲ ಸರಿಯಿದೆ ಎಂದು ಪ್ರತಿ ಸಲವೂ ಹೇಳುತ್ತಿದ್ದರು. ನನಗೆ ಡಾಕ್ಟರ ಮಾತು ಸಾಲುತ್ತಿರಲಿಲ್ಲ, ಅವ್ವ ಬೇಕಾಗಿದ್ದಳು.

ಅವ್ವ ಬರಲಿಲ್ಲ, ಅವಳ ಡಬ್ಬಿ ಬರುತ್ತಿತ್ತು. ಒಂದು ದಿನ ಬಿಟ್ಟು ಒಂದು ದಿನ, ಔರಾದದಿಂದ ಬರುವ ಬಸ್ಸಿನ ಕಂಡಕ್ಟರ ಕೈಯಲ್ಲಿ ಕೊಟ್ಟು ಕಳಿಸುತ್ತಾಳೆಂದು ಗಂಡ ಹೇಳಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ಅವರೇ ನಿಲ್ದಾಣಕ್ಕೆ ಹೋಗಿ ತರುತ್ತಿದ್ದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹುಳಿಹುಳಿ ಪುಂಡಿಪಲ್ಯ, ಉಪ್ಪು ಹಾಕಿ ಕುದಿಸಿದ ತೊಗರಿಕಾಯಿ. ಅತ್ತೆ ಮೂಗು ಮುರಿಯುತ್ತಲೇ ಪುಂಡಿಪಲ್ಯಕ್ಕೆ ಎರಡನೆಯ ಸಲ ಕೈ ಹಾಕುತ್ತಿದ್ದರು.

ಒಂದು ದಿನ ಗಂಡ ಫೋನು ಮಾಡಿ, ಕಚೇರಿಯಲ್ಲಿ ಮೇಲಿನವರು ಬಂದಿದ್ದಾರೆ, ಇವತ್ತು ಡಬ್ಬಿ ತರಲಾಗುವುದಿಲ್ಲ ಎಂದರು. ದನಿಯಲ್ಲಿ ಏನೋ ಗಡಿಬಿಡಿ. ಪುಂಡಿಪಲ್ಯ ಬಸ್ಸಿನಲ್ಲೇ ಊರಿಗೆ ವಾಪಸು ಹೋಗುವುದನ್ನು ನೆನೆದು ನನ್ನ ಬಾಯಿಚಪಲ ಸುಮ್ಮನಿರಲಿಲ್ಲ. ಡಾಕ್ಟರು ಹೇಗೂ ಓಡಾಡು ಎಂದಿದ್ದರು. ಅತ್ತೆಗೆ ಜೊಂಪು ಹತ್ತಿದ್ದನ್ನು ನೋಡಿ ಚಪ್ಪಲಿ ಮೆಟ್ಟಿ ಹೊರಬಿದ್ದೆ, ಆಟೊ ಹಿಡಿದೆ.

ಔರಾದ ಬಸ್ಸು ತಿರುಗಿ ಹೊರಡಲು ಸಿದ್ಧವಾಗಿ ನಿಂತಿತ್ತು. ಕಂಡಕ್ಟರನ್ನು ಡಬ್ಬಿ ಕೇಳಿದೆ.

"ಎಂಥ ಡಬ್ಬಿರಿ? ನನ್ನ ಕೈಯಾಗ ಯಾರೂ ಡಬ್ಬಿ ಕೊಟ್ಟಿಲ್ರಿ," ಎಂದರು.

ಅತ್ತ ತಿರುಗಿದರೆ ಕಲ್ಲಿನ ಬೆಂಚಿನ ಮೇಲೆ ಅವ್ವ. ತಲೆಯ ಮೇಲೆ ಸೆರಗು, ತೊಡೆಯ ಮೇಲೆ ಡಬ್ಬಿ, ಅಳಿಯ ಬರುವ ಗೇಟಿನ ಕಡೆಗೇ ಕಣ್ಣು. ನಾನು "ಅವ್ವಾ" ಎಂದಾಗ ಬೆಚ್ಚಿ ಎದ್ದಳು. ಒಮ್ಮೆ ನನ್ನ ಹೊಟ್ಟೆಯ ಕಡೆ ನೋಡಿ, ತಪ್ಪು ಮಾಡಿದವಳಂತೆ ಬೇರೆ ಕಡೆ ಮುಖ ತಿರುಗಿಸಿದಳು.

"ಅಳಿಯಂದ್ರು ಬರಲಿಲ್ಲೇನು?"

"ಡಬ್ಬಿ ನೀನೇ ತರ್ತಿದ್ಯೇನು? ಅಷ್ಟು ದೂರದಿಂದ?"

"ಹೆಣ್ಮಕ್ಕಳಿಗಿ ಟಿಕೇಟ್ ಪುಕ್ಕಟ ಅದಲ್ಲ," ಎಂದಳು, ಅದೇ ಕಾರಣವೆನ್ನುವ ಹಾಗೆ.

ಸಿಟ್ಟು ನೆತ್ತಿಗೇರಿತು. ಗಂಡನ ಮೇಲೂ ಸಿಟ್ಟು. "ಇಲ್ಲಿತನಕ ಬಂದು ಮನಿಗಿ ಯಾಕ ಬರಲಿಲ್ಲ? ಮನಿ ಇಲ್ಲೇ ಅದ!"

ಅವ್ವ ಡಬ್ಬಿಯನ್ನು ನನ್ನ ಕೈಗಿಟ್ಟಳು. "ನನ್ನ ಕೈ ಛಲೋ ಇಲ್ಲ ಮಗಾ. ನನ್ನ ಮುಂದ ಒಂದು ಹೋಯ್ತು. ಇದು ನೆಟ್ಟಗ ಆಗಲಿ, ಆಮ್ಯಾಲ ಬರ್ತೇನಿ." ಹೇಳಿದವಳೇ ಸರಸರ ಹೋಗಿ ಬಸ್ಸು ಹತ್ತಿ ಕೂತುಬಿಟ್ಟಳು.

ನಾನೂ ಹತ್ತಿದೆ. ಆ ಮೆಟ್ಟಿಲು ಏರುವುದು ನನಗೆ ಗುಡ್ಡ ಏರಿದಂತೆಯೇ ಆಯಿತು. ಉಸಿರು ಬಿಡುತ್ತ ಅವಳ ಪಕ್ಕದಲ್ಲಿ ಕೂತು ಡಬ್ಬಿ ತೊಡೆಯ ಮೇಲಿಟ್ಟುಕೊಂಡೆ. ಹೊಟ್ಟೆ ಇದ್ದುದರಿಂದ ತೊಡೆಯ ಮೇಲೆ ಡಬ್ಬಿಗೆ ಜಾಗ ಸಾಲಲಿಲ್ಲ.

"ಯಾ ಊರ್ರಿ?" ಎಂದರು ಕಂಡಕ್ಟರು.

"ಡಾಬಕಾ. ಹಡೀಲಾಕ ಹೊಂಟೀನಿ. ನಮ್ಮವ್ವ ಬೀದರದಾಗ ಇಳಿಯಂಗಿಲ್ಲಂತ, ಅದಕ್ಕ ನಾನೇ ಊರಿಗಿ ಹೊಂಟೀನಿ."

ಕಂಡಕ್ಟರು ನನ್ನ ಹೊಟ್ಟೆ ನೋಡಿ ಹೌಹಾರಿದರು. "ಅಯ್ಯ ಯಕ್ಕಾ, ರಸ್ತಾ ನೋಡೀರೇನು? ಜನವಾಡ ದಾಟೋದ್ರಾಗ ಬಸ್ಸಿನಾಗೇ ಆಗಿಬಿಡ್ತದ. ನಾ ಬಸ್ ಬಿಡಂಗಿಲ್ರಿ."

ಡ್ರೈವರು ಎಂಜಿನ್ ಆರಿಸಿ ಹಿಂತಿರುಗಿ ಕೂತರು. ಹಿಂದಿನ ಸೀಟಿನ ಮುದುಕಿ ಅವ್ವನ ಭುಜ ತಟ್ಟಿ, "ಇಳಿಯವ್ವ, ಮಗಳು ಕರೀಲಾಕತ್ತಾಳ," ಎಂದಳು. ಯಾರೋ ಗಂಡಸರು ತಮಗೆ ಔರಾದದಲ್ಲಿ ಕೆಲಸವಿದೆ, ಜಲ್ದಿ ಇಳಿಯಿರಿ ಎಂದು ಗೊಣಗಿದರು. ಬಸ್ಸಿಗೆ ಬಸ್ಸೇ ನನ್ನ ಪಕ್ಷ ವಹಿಸಿತು.

"ಜನ ನಗ್ಲಾಕತ್ತಾರ, ಇಳಿ," ಎಂದಳು ಅವ್ವ ಹಲ್ಲು ಕಚ್ಚಿ.

"ನೀ ಇಳಿದ್ರ ಇಳೀತೇನಿ." ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಎರಡು ವರ್ಷದಿಂದ ನುಂಗಿಕೊಂಡಿದ್ದು ಬಾಯಿಗೆ ಬಂದೇಬಿಟ್ಟಿತು. "ಅದು ನಿನ್ನ ಕೈಯಾಗ ಸತ್ತಿಲ್ಲವ್ವ. ನನ್ನ ಹೊಟ್ಟ್ಯಾಗ ಸತ್ತದ. ನಿನ್ನ ಕೈ ಕೆಟ್ಟದ್ದಾದ್ರ ನನ್ನ ಹೊಟ್ಟಿಗಿ ಏನಂತಿ?"

ಡ್ರೈವರು ಮುಖ ತಿರುಗಿಸಿ ರಸ್ತೆಯ ಕಡೆ ನೋಡಿದರು.

"ಬಾಯಿ ಮುಚ್ಚು!" ಅವ್ವ ಗದರಿದಳು. "ಹಂಗ ಅನಬಾರದು."

"ಹಂಗಾದ್ರ ನಿನ್ನ ಕೈಗೂ ಅನಬ್ಯಾಡ."

ಅವ್ವ ಕಿಟಕಿಯ ಹೊರಗೆ ನೋಡುತ್ತ ಕೂತಳು. ನಾನು ಅಳುತ್ತಿದ್ದೆ, ನಾಚಿಕೆಯಿಲ್ಲದೆ. ಆಮೇಲೆ ಅವಳು ಎದ್ದು ನನ್ನ ತೊಡೆಯ ಮೇಲಿನ ಡಬ್ಬಿ ಎತ್ತಿಕೊಂಡಳು. "ಮೆಟ್ಟಲಾ ನೋಡಿ ಇಳಿ," ಎಂದಳು.

ಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ನನ್ನನ್ನು ಬೈಯಲು ಕೂಡಿಟ್ಟಿದ್ದ ಮಾತು ಅವ್ವನನ್ನು ಕಂಡು ಅಲ್ಲೇ ನಿಂತಿತು. "ಬರ್ರಿ ಅಕ್ಕಾ," ಎಂದು ಕಾಲಿಗೆ ನೀರು ತಂದುಕೊಟ್ಟರು. ನೀರು ಕೊಟ್ಟಾದ ಮೇಲೆ, "ದಾರಿ ಈಗ ಸಿಕ್ತೇನ್ರಿ?" ಎನ್ನುವುದನ್ನು ಮಾತ್ರ ಬಿಡಲಿಲ್ಲ. ಸಂಜೆ ಗಂಡ ಬಂದು, ಒಳಗೆ ಕೂತ ಅವ್ವನನ್ನು ನೋಡಿ, ಬಾಗಿಲಲ್ಲೇ ಬೂಟು ಬಿಚ್ಚುತ್ತ ಬಹಳ ಹೊತ್ತು ಕಳೆದರು. "ಅವರಿಗಿ ಮಾತು ಕೊಟ್ಟಿದ್ದೆ," ಎಂದರು. ಆ ವಾರವೆಲ್ಲ ಅವರ ತಟ್ಟೆಗೆ ಸಪ್ಪೆ ಸಾರೇ ಬಿತ್ತು.

ಆ ಕೊನೆಯ ದಿನಗಳು ನನ್ನ ಬದುಕಿನ ಅತ್ಯಂತ ಗದ್ದಲದ ದಿನಗಳು. ಬೀಗತಿಯರಿಬ್ಬರೂ ಒಂದೇ ಒಲೆಯ ಮುಂದೆ. ರೊಟ್ಟಿ ದಪ್ಪವಾಯಿತೆಂದು ಒಬ್ಬರು, ತೆಳುವಾಯಿತೆಂದು ಇನ್ನೊಬ್ಬರು. ನಾನು ಇಬ್ಬರ ರೊಟ್ಟಿಯನ್ನೂ ತಿಂದು ನ್ಯಾಯ ಹೇಳದೆ ತಪ್ಪಿಸಿಕೊಳ್ಳುತ್ತಿದ್ದೆ. ಅತ್ತೆ ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಅವ್ವ ಮಾತ್ರ ನನ್ನ ಹೊಟ್ಟೆ ಮುಟ್ಟುತ್ತಿರಲಿಲ್ಲ. ಎದುರಿನ ಗೋಡೆಗೆ ಒರಗಿ ಕೂತು, "ಆಡ್ತದೇನು?" ಎಂದು ಕೇಳುತ್ತಿದ್ದಳು, ಆಡುತ್ತದೆ ಎಂದರೆ ತೊಗರಿಬೇಳೆ ಆರಿಸಲು ತಿರುಗುತ್ತಿದ್ದಳು. ಅವಳು ಹೀಗೆ ಕೇಳತೊಡಗಿದ ಮೇಲೆ ನಾನು ಕೂಸಿನ ಒದೆಗೆ ಕಾಯುತ್ತ ಕೂರುವುದು ಕಡಿಮೆಯಾಯಿತು. ಭಯವನ್ನು ಇಬ್ಬರು ಹಂಚಿಕೊಂಡಂತಾಗಿ ನನಗೆ ನಿದ್ದೆಯೂ ಬರತೊಡಗಿತು.

ನೋವು ಶುರುವಾದದ್ದು ಮುಂಜಾನೆ, ಇಬ್ಬರೂ ಚಹಾದ ಸಕ್ಕರೆಗಾಗಿ ಜಗಳಾಡುತ್ತಿದ್ದಾಗ. ದವಾಖಾನೆಯಲ್ಲಿ ಅವ್ವ ಒಳಗೆ ಬರಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದಳೆಂದು ಗಂಡ ಆಮೇಲೆ ಹೇಳಿದರು.

ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಕೂಸು ಹುಟ್ಟಿತು. ಹೆಣ್ಣುಕೂಸು. ಹುಟ್ಟಿದ್ದೇ ತಡ, ಯಾರೋ ಅನ್ಯಾಯ ಮಾಡಿದ ಹಾಗೆ ಅಳತೊಡಗಿತು. ನರ್ಸು ಅದನ್ನು ಸುತ್ತಿ ಹೊರಗೆ ತೋರಿಸಲು ಒಯ್ದರು. ಬಾಗಿಲು ಅರ್ಧ ತೆರೆದೇ ಇತ್ತು. ಮಲಗಿದಲ್ಲಿಂದ ನನಗೆ ಏನೂ ಕಾಣುತ್ತಿರಲಿಲ್ಲ, ಎಲ್ಲ ಕೇಳಿಸುತ್ತಿತ್ತು.

"ನನಗ ಬ್ಯಾಡ್ರಿ. ಮೊದಲ ಅವರ ಕೈಯಾಗ ಕೊಡ್ರಿ," ಎಂದದ್ದು ಅತ್ತೆ.

"ಹಿಡೀರಿ ಅಜ್ಜಿ, ಅಂಜಬ್ಯಾಡ್ರಿ," ಎಂದರು ನರ್ಸು.

ಬೆಂಚು ಕಿರ್ರೆಂದಿತು, ಅವ್ವ ಕೈ ಚಾಚಿರಬೇಕು. ಕೂಸಿನ ಅಳು ಇನ್ನೂ ಜೋರಾಯಿತು. ಗಂಡ ಗಾಬರಿಯಿಂದ "ಯಾಕ ಅಳ್ತದ?" ಎಂದರು. ಅತ್ತೆ "ಓ ಓ, ಸುಮ್ಮನಾಗವ್ವ" ಎಂದು ರಮಿಸತೊಡಗಿದರು. ಆಗ ಅವ್ವನ ದನಿ ಬಂತು, ಹೊಲದ ಆಚೆಯ ಕುರಿಗಳನ್ನು ಕೂಗಿ ಕರೆಯುವ ಆ ದೊಡ್ಡ ದನಿ. ಎರಡು ವರ್ಷದಿಂದ ನಾನು ಅದನ್ನು ಕೇಳಿರಲಿಲ್ಲ.

"ಯಾರೂ ಸುಮ್ಮ ಮಾಡಬ್ಯಾಡ್ರಿ. ಅಳಲಿ. ಇದರ ಅಕ್ಕ ಅಳಬೇಕಾಗಿದ್ದೂ ಇದೇ ಅಳಲಿ."

ಆ ಮೊದಲ ಕೂಸನ್ನು ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಅಕ್ಕ ಎಂದು ಕರೆದಿರಲಿಲ್ಲ. ನನ್ನ ಮಗಳು ಅಜ್ಜಿಯ ಕೈಯಲ್ಲಿ ದವಾಖಾನೆಯ ತುಂಬ ಕೇಳುವ ಹಾಗೆ ಅಳುತ್ತಲೇ ಇದ್ದಳು.