ಹಂಚು ಇಡುವ ಜಾಗ

ಬಡಿಗ ತಿಂಗಳು ಪೂರ್ತಿ "ನಾಳಿ ಬರ್ತೇನ್ರಿ ಅಕ್ಕಾರ" ಎನ್ನುತ್ತಲೇ ಇದ್ದ. ಕೊನೆಗೆ ನಾನೇ ಗರಗಸ ಹಿಡಿದೆ. ಉತ್ಸಾಹದಿಂದಲ್ಲ, ಸಾಕಾಗಿ. ಅತ್ತೆಯ ಮೊಣಕಾಲು ಸವೆದಿದ್ದವು. ನೆಲದ ಮೇಲೆ ಕೂಡಲೇಬೇಡಿ, ನಿಂತು ಅಡುಗೆ ಮಾಡಿ ಎಂದಿದ್ದರು ಡಾಕ್ಟರು. ವಿದ್ಯಾಗಿರಿಯ ನಮ್ಮ ಬಾಡಿಗೆ ಮನೆಯಲ್ಲಿ ಸಿಂಕಿನ ಪಕ್ಕ ಮೊಳದುದ್ದದ ಕಟ್ಟೆ ಬಿಟ್ಟರೆ ಏನೂ ಇರಲಿಲ್ಲ. ಗೋಡೆ ಒಡೆದು ಕಲ್ಲು ಕೂರಿಸಲು ಮಾಲೀಕರು ಒಪ್ಪಲಿಲ್ಲ. ಹಾಗಾಗಿ ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ಲ್ಯಾಮಿನೇಟ್ ಹಚ್ಚಿದ ಪ್ಲೈವುಡ್ ಹಲಗೆ. ಮನೆ ಬಿಟ್ಟರೆ ಎತ್ತಿಕೊಂಡು ಹೋಗಬಹುದು.

ಮೊಬೈಲಿನಲ್ಲಿ ನೋಡಿದಾಗ ಹತ್ತು ನಿಮಿಷದ ಕೆಲಸ. ನನಗೆ ಮೂರು ರವಿವಾರ ಹೋದವು. ಗೆರೆಯ ಮೇಲೆ ಟೇಪು ಅಂಟಿಸಿ, ಹಲಗೆಯನ್ನು ಬೋರಲು ಹಾಕಿ ಕೊಯ್ದರೆ ಚಕ್ಕೆ ಏಳುವುದಿಲ್ಲ ಎಂದು ಗೊತ್ತಾಗುವಷ್ಟರಲ್ಲಿ ಒಂದು ಅಂಚು ಇಲಿ ಕಡಿದಂತಾಗಿತ್ತು. ಅದನ್ನು ಗೋಡೆಯ ಕಡೆ ತಿರುಗಿಸಿದೆ. ನಮ್ಮ ಮನೆಯವರು ಇನ್ನೊಂದು ತುದಿ ಹಿಡಿದು ಉಪದೇಶ ಮಾಡಿದರು. ಅಂಚಿಗೆ ಪಟ್ಟಿ ಅಂಟಿಸಿ, ಗೋಡೆಯ ಸಂದಿಗೆ ಸಿಲಿಕಾನ್ ತುಂಬಿ ಮುಗಿಸಿದಾಗ ಸೊಂಟ ನನ್ನದೇ ಎನ್ನಿಸುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ನಿಂತುಕೊಂಡು ಜೋಳದ ರೊಟ್ಟಿ ಬಡಿದರು. ಮುಗಿದ ಮೇಲೆ ಕಾದ ಕಬ್ಬಿಣದ ಹಂಚನ್ನು ಇಳಿಸಿ ಒಲೆಯ ಪಕ್ಕ, ಹಲಗೆಯ ಮೇಲೆಯೇ ಇಟ್ಟರು. ಅವರು ಇಳಕಲ್ಲಿನವರು. ಹುಟ್ಟಿದಾಗಿನಿಂದ ಕಲ್ಲಿನ ಕಟ್ಟೆ ಕಂಡವರು. ಅಲ್ಲಿ ಹಂಚು ಇಳಿಸುವಾಗ ಕೆಳಗೇನಿದೆ ಎಂದು ಯಾರೂ ನೋಡುವುದಿಲ್ಲ. ವಾಸನೆ ಬಂದು ನಾನು ಓಡಿ ಬರುವಷ್ಟರಲ್ಲಿ ಲ್ಯಾಮಿನೇಟ್ ಗುಳ್ಳೆ ಎದ್ದು ಕರಕಲಾಗಿತ್ತು.

"ಕಣ್ಣ ಕಾಣಂಗಿಲ್ಲೇನ್ರಿ ಅತ್ತೀ? ಇದೇನ ನಿಮ್ಮ ತವರಮನಿ ಕಲ್ಲ ಅಂತ ತಿಳದೀರೇನು?" ಎಂದು ಕಿರುಚಿದೆ. ಮೂರು ರವಿವಾರದ ದಣಿವನ್ನೆಲ್ಲ ಆ ಮುದುಕಿಯ ಮೇಲೆ ಸುರಿದೆ. ಅವರು ಇಕ್ಕಳದಿಂದ ಹಂಚನ್ನೆತ್ತಿ ನೆಲಕ್ಕಿಟ್ಟರು.

ಅಂದಿನಿಂದ ಶುರುವಾಯಿತು. "ತಂಬಿಗಿ ಇಲ್ಲಿ ಇಡ್ಲೇನವಾ?" "ಚಾ ಬಿಸಿ ಐತಿ, ಇಟ್ರ ನಡೀತೈತೇನು?" ಉಪ್ಪಿನ ಡಬ್ಬಿಗೂ ಅಪ್ಪಣೆ. ಚುಚ್ಚುಮಾತಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಅವರು ನಿಜಕ್ಕೂ ಹೆದರಿದ್ದರು. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಹೀಗೇ ಪ್ರತಿಯೊಂದಕ್ಕೂ ಕೇಳುತ್ತಿದ್ದೆ. "ನಿನ್ನ ಮನಿ ಐತಿ, ಯಾರನ್ನ ಕೇಳ್ತಿ?" ಎಂದು ಗದರಿ ನನ್ನ ಆ ಚಾಳಿ ಬಿಡಿಸಿದವರು ಇವರೇ. ನನಗೆ ನಾಚಿಕೆಯಾಯಿತು. ಆದರೂ ತಪ್ಪಾಯಿತು ಎನ್ನಲು ನಾಲಿಗೆ ಹೊರಳಲಿಲ್ಲ. ನನ್ನ ಸ್ವಭಾವವೇ ಅಂಥದು.

ಮುಂದಿನ ರವಿವಾರ ಇಳಕಲ್ಲಿಗೆ ಹೋದೆ. ಕಲ್ಲು ಪಾಲಿಶ್ ಮಾಡುವ ಶೆಡ್ಡಿನ ಹಿಂದೆ ಬಿದ್ದ ಚೂರುಗಳಲ್ಲಿ ಹಲಗೆಯಷ್ಟೇ ದಪ್ಪದ ಕೆಂಪು ಕಲ್ಲೊಂದನ್ನು ಆರಿಸಿ, ಚೌಕವಾಗಿ ಕೊಯ್ಯಿಸಿಕೊಂಡೆ. ವಾಪಸು ಬರುವಾಗ ಹುನಗುಂದದವರೆಗೂ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಾಲ ಬಳಿಯ ಚೀಲಕ್ಕೆ ಎಡವಿದ ಕಂಡಕ್ಟರು, "ಏನ್ರಿ ಅಕ್ಕಾರ, ಚೀಲದಾಗ ದೇವರನ್ನ ಕೂಡಿಸೀರೇನು?" ಎಂದ. ನಗಲೂ ತ್ರಾಣವಿರಲಿಲ್ಲ.

ನಾನೇ ಮೂರು ವಾರ ಒದ್ದಾಡಿ ಮಾಡಿದ ಹಲಗೆಗೆ ನಾನೇ ತೂತು ಕೊರೆದೆ. ಸುಟ್ಟ ಭಾಗ ಕತ್ತರಿಸಿ ತೆಗೆದು, ಕೆಳಗೆ ಎರಡು ಕಟ್ಟಿಗೆ ಪಟ್ಟಿಯ ಆಸರೆ ಕೊಟ್ಟು ಕಲ್ಲು ಕೂರಿಸಿದೆ. ಅಂಟು ಒಣಗಲು ಒಂದು ದಿನ ಬಿಟ್ಟೆ.

ಮಂಗಳವಾರ ಅತ್ತೆ ಆ ಕಲ್ಲನ್ನು ಅಂಗೈಯಿಂದ ಸವರಿ ನೋಡಿದರು. ರೊಟ್ಟಿ ಮುಗಿಸಿದರು. ಹಂಚು ಇಳಿಸಿ, ನನ್ನ ಮುಖ ನೋಡದೆ, ಠಣ್ಣೆಂದು ಅದರ ಮೇಲಿಟ್ಟರು. ಇಡಲೇ ಎಂದು ಕೇಳಲಿಲ್ಲ.

ಆಮೇಲೆ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿ, "ಕಲ್ಲ ಈ ಕಡೆ ಒಂದೀಟ ಮ್ಯಾಲ ಬಂದೈತಿ. ನೆಟ್ಟಗ ಒಂದ ಕೆಲಸ ಬರಂಗಿಲ್ಲ ನಿನಗ" ಎಂದರು. ಎಂಟು ದಿನದ ಮೇಲೆ ಅವರ ಬಾಯಿಂದ ಬೈಗುಳ ಕೇಳಿ ನನ್ನ ಜೀವ ತಣ್ಣಗಾಯಿತು.